ಔಟ್‌ರಿಗರ್ ದೋಣಿಗೆ ಕರೆಯುತ್ತಿದ್ದಾರೆ, ಹೋಗಲಾ? ಅನುಭವ ಇದ್ದವರು ಹೇಳಿ

ಕೇಳಿದವರು: ಹೊನೊಲುಲುಗೆ ಹೊಸಬಳು, ಊರು ತಿಪಟೂರು

ಎಲ್ಲರಿಗೂ ನಮಸ್ಕಾರ. ನಾವು ಹವಾಯಿಗೆ ಬಂದು ಐದು ತಿಂಗಳಾಯಿತು. ನಮ್ಮೆಜಮಾನರಿಗೆ ಯೂನಿವರ್ಸಿಟಿಯಲ್ಲಿ ಕೆಲಸ, ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಸಂಜೆ ಆಲಾ ವಾಯ್ ಕಾಲುವೆ ಪಕ್ಕ ಸುಮ್ನೆ ವಾಕಿಂಗ್ ಹೋಗುತ್ತೇನೆ. ಅಲ್ಲಿ ಉದ್ದುದ್ದ ದೋಣಿಗಳು, ಎಡಗಡೆಗೆ ಒಂದು ತೇಲುವ ಮರ ಕಟ್ಟಿರುತ್ತಾರಲ್ಲ, ಅವು. ಒಂದು ದಿನ ದೋಣಿ ಎತ್ತಲು ಜನ ಸಾಲದೆ ಅರವತ್ತು ದಾಟಿದ ಆಂಟಿಯೊಬ್ಬರು ನನ್ನ ಕಡೆ ನೋಡಿ ಕೈ ಬೀಸಿದರು. ಚೂಡಿದಾರದಲ್ಲೇ ಹೋಗಿ ಕೈ ಕೊಟ್ಟೆ. ಅಷ್ಟೇ. ಅವತ್ತಿನಿಂದ ನನ್ನನ್ನು ಬಿಡುತ್ತಿಲ್ಲ. ಮೂರು ಸಲ ಕೂರಿಸಿಕೊಂಡು ಹೋಗಿದ್ದಾರೆ, ಹುಟ್ಟು ಅವರದೇ, ಟೀ ಶರ್ಟ್ ಅವರದೇ, ಮನೆಗೆ ಹೊರಟರೆ ಚೀಲದ ತುಂಬ ಮಾವಿನಹಣ್ಣು ಬೇರೆ. ದುಡ್ಡು ಕೊಡಲು ಹೋದೆ, ನಕ್ಕುಬಿಟ್ಟರು.

ನನಗೆ ಈಜು ಅಷ್ಟಕ್ಕಷ್ಟೆ, ಕೆರೆಯಲ್ಲಿ ಸೊಂಟದುದ್ದ ನೀರು ಬಿಟ್ಟು ಮುಂದೆ ಹೋದವಳಲ್ಲ. ಮಾಂಸ ತಿನ್ನುವುದಿಲ್ಲ, ಅವರ ಊಟಗಳಿಗೆ ಹೋಗಿ ಸುಮ್ಮನೆ ಕೂರುವುದು ಹೇಗೆ? ಮತ್ತೆ ಇಷ್ಟೆಲ್ಲ ಮಾಡುತ್ತಿದ್ದಾರಲ್ಲ, ಈ ಋಣ ತೀರಿಸುವುದು ಹೇಗೆ? ಅದು ತಲೆಯಲ್ಲಿ ಕೊರೆಯುತ್ತಿದೆ.

ಹಿಲೋದಿಂದ, ಊರು ಹೊನ್ನಾವರ:

ತಂಗೀ, ಮೊದಲು ಸೇರಿಕೋ, ಮಿಕ್ಕಿದ್ದು ಆಮೇಲೆ ಓದು.

ಈಜಿನ ವಿಷಯ ಕೋಚ್ ಹತ್ತಿರ ಇವತ್ತೇ ಹೇಳು, ಮುಚ್ಚಿಡಬೇಡ. ಬಹಳ ಕಡೆ ಸೇರುವ ಮೊದಲು ಈಜು ಪರೀಕ್ಷೆ ಮಾಡುತ್ತಾರೆ, ಬರದಿದ್ದರೆ ಲೈಫ್ ಜಾಕೆಟ್ ಹಾಕಿಕೊಳ್ಳಬಹುದು, ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ಜೊತೆಗೇ ಒಂದು ಕ್ಲಾಸ್ ಸೇರಿ ಈಜು ಕಲಿ. ನಾನು ಶರಾವತಿ ದಂಡೆಯಲ್ಲಿ ಬೆಳೆದವಳು, ನನಗೆ ಬಾರದ ಈಜಾ ಅಂದುಕೊಂಡೇ ಬಂದೆ. ಆದರೆ ಮಗುಚಿದ ದೋಣಿಯ ಪಕ್ಕ, ಅಲೆ ಮುಖಕ್ಕೆ ಹೊಡೆಯುವಾಗ, ಕೈಯಲ್ಲಿ ಹುಟ್ಟು ಹಿಡಿದು ತೇಲುವುದು ಬೇರೆಯೇ ವಿದ್ಯೆ.

ಮಗುಚುವುದಕ್ಕೆ ಇಲ್ಲಿ ಏನನ್ನುತ್ತಾರೆ ಗೊತ್ತಾ? ಹುಲಿ! ನನ್ನ ಮೊದಲ ವಾರ ಹಿಂದಿನಿಂದ ಯಾರೋ "ಹುಲಿ, ಹುಲಿ" ಎಂದು ಕೂಗಿದರೆ ನಾನು ದಡದ ಕಡೆ ನೋಡಿದೆ, ದೇವರಾಣೆ. ಅಷ್ಟರಲ್ಲಿ ನೀರೊಳಗಿದ್ದೆ. ಮೇಲೆ ಬಂದ ತಕ್ಷಣ ಒಬ್ಬೊಬ್ಬರೂ ತಮ್ಮ ಸೀಟಿನ ನಂಬರು ಕೂಗಬೇಕು, ಒಂದರಿಂದ ಆರರವರೆಗೆ, ಯಾರೂ ದೋಣಿ ಕೆಳಗೆ ಸಿಕ್ಕಿಕೊಂಡಿಲ್ಲ ಎಂದು ಖಾತ್ರಿಯಾಗಲು. ಆಮೇಲೆ ಹುಟ್ಟುಗಳನ್ನು ಒಟ್ಟು ಮಾಡಿ, ಇಬ್ಬರು ಮೂರು ಜನ ತಲೆಕೆಳಗಾದ ದೋಣಿ ಮೇಲೆ ನಿಂತು ಎಳೆದು ತಿರುಗಿಸಿ, ನೀರು ಮೊಗೆಯುತ್ತಾರೆ. ಇದನ್ನೆಲ್ಲ ಬೇಕೆಂದೇ ಮಗುಚಿ ಅಭ್ಯಾಸ ಮಾಡಿಸುತ್ತಾರೆ. ಅವತ್ತು ತಪ್ಪಿಸಿಕೊಳ್ಳಬೇಡ, ಅವತ್ತೇ ನಿನ್ನ ಭಯ ಅರ್ಧ ಹೋಗುವುದು.

ದೋಣಿಗೆ ಅವರು ‘ವಆ’ ಎನ್ನುತ್ತಾರೆ. ಪಕ್ಕದ ತೇಲುಮರ ‘ಆಮಾ’, ಅದನ್ನು ದೋಣಿಗೆ ಸೇರಿಸುವ ಎರಡು ಬಾಗಿದ ಕಂಬಗಳು ‘ಇಯಾಕೊ’. ಆಮಾ ಎಡಗಡೆ ಇರುವುದರಿಂದ ಬಲಕ್ಕೆ ವಾಲಿದರೆ ಅದು ಮೇಲೆದ್ದು ಕೆಲಸ ಕೆಟ್ಟಿತು, ಹೆದರಿಕೆಯಾದಾಗೆಲ್ಲ ಎಡಕ್ಕೆ ಒರಗು. ಕಾರವಾರದ ಕಡೆ ಮೀನಿನ ಸಣ್ಣ ದೋಣಿಗಳಿಗೆ ಹೀಗೇ ಒಂದು ಬದಿಗೆ ಮರ ಕಟ್ಟಿದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಹಾಗಾಗಿ ಇಲ್ಲಿ ಮೊದಲ ಸಲ ನೋಡಿದಾಗ ಹೊಸದು ಅನ್ನಿಸಲೇ ಇಲ್ಲ, ಯಾರೋ ನಮ್ಮೂರವರೇ ಸಿಕ್ಕ ಹಾಗಾಯಿತು.

ಆರು ಜನ ಕೂರುತ್ತಾರೆ. ಒಂದನೇ ಸೀಟಿನವರು ಲಯ ಹಿಡಿಯುತ್ತಾರೆ, ಮಧ್ಯದವರದು ತೋಳ್ಬಲ, ಆರನೆಯವರು ದಿಕ್ಕು ನೋಡುತ್ತಾರೆ. ಹನ್ನೆರಡೋ ಹದಿನಾಲ್ಕೋ ಸಲ ಹುಟ್ಟು ಹಾಕಿದ ಮೇಲೆ ಒಬ್ಬರು "ಹಟ್" ಅಂದರೆ ಎಲ್ಲರೂ "ಹೋ" ಎಂದು ಬದಿ ಬದಲಿಸಬೇಕು. ಹೊಸಬರೆಲ್ಲ ಮಾಡುವ ತಪ್ಪು ಒಂದೇ, ಜೋರಾಗಿ ಎಳೆಯಲು ಹೋಗುವುದು. ಜೋರು ಬೇಡ. ಮುಂದಿನವರ ಹುಟ್ಟು ನೀರಿಗೆ ಬಿದ್ದಾಗ ನಿನ್ನದೂ ಬೀಳಬೇಕು, ಅಷ್ಟು ಸಾಕು. ಭಜನೆಯಲ್ಲಿ ಒಬ್ಬನೇ ಗಂಟಲು ಹರಿದುಕೊಂಡರೆ ಹೇಗಿರುತ್ತದೆ ಹೇಳು, ಹಾಗೆ.

ಋಣದ ಮಾತು. ಇಲ್ಲಿ ‘ಮಹಾಲೋ’ ಅಂದರೆ ಧನ್ಯವಾದ, ಬಾಯಲ್ಲೂ ಹೇಳುತ್ತಾರೆ, ಕಸದ ಡಬ್ಬಿ ಮೇಲೂ ಬರೆದಿರುತ್ತಾರೆ. ಆದರೆ ದೋಣಿಮನೆಯಲ್ಲಿ ಅದು ಮೈಯಲ್ಲಿ ಕಾಣಬೇಕು. ದೋಣಿ ಸುಮಾರು 40 ಅಡಿ ಉದ್ದ, ರೇಸಿನ ನಿಯಮದ ಪ್ರಕಾರ ಕಡಿಮೆಯೆಂದರೂ 400 ಪೌಂಡ್, ಅಂದರೆ 180 ಕಿಲೋ ಹತ್ತಿರ. ಒಬ್ಬಿಬ್ಬರಿಂದ ಏಳುವುದಿಲ್ಲ. ಅಭ್ಯಾಸ ಶುರುವಾಗುವುದಕ್ಕೆ ಕಾಲು ಗಂಟೆ ಮೊದಲು ಬಂದು ಎತ್ತಲು ನಿಲ್ಲು, ಮುಗಿದ ಮೇಲೆ ಸಿಹಿನೀರಲ್ಲಿ ತೊಳೆಯುವವರೆಗೂ ಇರು. ಬಂದು ಹುಟ್ಟು ಹಾಕಿ ಕಾರ್ ಹತ್ತಿ ಹೋಗುವವರನ್ನು ಯಾರೂ ಬೈಯುವುದಿಲ್ಲ, ಆದರೆ ಎಲ್ಲರೂ ಗಮನಿಸಿರುತ್ತಾರೆ. ನೀನು ಚೂಡಿದಾರದಲ್ಲಿ ಹೋಗಿ ಎತ್ತಿದೆಯಲ್ಲ, ಆ ಆಂಟಿಯ ಲೆಕ್ಕದಲ್ಲಿ ಮೊದಲು ಕೊಟ್ಟವಳು ನೀನೇ ಇರಬೇಕು.

ಇನ್ನೊಂದು, ದೋಣಿಯನ್ನು ದಾಟಿ ಕಾಲಿಡಬೇಡ, ಸುತ್ತು ಹಾಕಿಕೊಂಡು ಹೋಗು. ಪುಸ್ತಕ ತುಳಿಯಬಾರದು ಅಂತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊನೊಲುಲುದಿಂದ ಇನ್ನೊಬ್ಬರು:

ಎರಡೇ ಮಾತು. ಜೋರು ಮಳೆ ಬಂದ ಮೇಲೆ ಆಲಾ ವಾಯ್ ನೀರು ಗಲೀಜಾಗಿರುತ್ತದೆ, ಕೈಕಾಲಲ್ಲಿ ಗಾಯ ಇದ್ದರೆ ಅವತ್ತು ರಜ ಹಾಕಿ. ಸನ್‌ಸ್ಕ್ರೀನ್ ಊರಿಂದ ತಂದಿದ್ದರೆ ಹಿಂದಿರುವ ಚೀಟಿ ಓದಿ, ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವುದನ್ನು ಹವಳಕ್ಕೆ ಕೇಡು ಎಂದು 2021ರಿಂದ ಇಲ್ಲಿ ಮಾರುವುದಿಲ್ಲ. ತುಂಬು ತೋಳಿನ ಅಂಗಿ ಹಾಕಿಕೊಳ್ಳುವುದೇ ವಾಸಿ.

ಕೋನಾದಿಂದ, ಕಾಫಿ ತೋಟದ ಕೆಲಸ, ಊರು ಪುತ್ತೂರು:

ನಾನು ದೋಣಿಯಲ್ಲಿ ಕೂರುವವನಲ್ಲ, ಬೆನ್ನುನೋವು ಬಿಡುವುದಿಲ್ಲ. ಹೆಂಡತಿ, ಮಗಳು ಇಬ್ಬರೂ ಹೋಗುತ್ತಾರೆ. ನನ್ನದು ದಡದ ಡ್ಯೂಟಿ. ಅಂದರೆ ಟೆಂಟ್ ಕಟ್ಟುವುದು, ಐಸ್ ಹೊರುವುದು, ಅಡುಗೆ.

ಊಟಕ್ಕೆ ಹೆದರಬೇಡಿ ಅಕ್ಕ. ಅನ್ನ ಇಲ್ಲದ ಊಟವೇ ಇಲ್ಲಿಲ್ಲ. ಹಂದಿಮಾಂಸ, ಹಸಿ ಮೀನು ಇರುತ್ತದೆ ನಿಜ, ಆದರೆ ತಿನ್ನುವುದಿಲ್ಲ ಅಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಪೋಯಿ ತಿಂದು ನೋಡಿ, ಅದು ನಮ್ಮ ಕೆಸುವಿನ ಗೆಡ್ಡೆ ಬೇಯಿಸಿ ಜಜ್ಜಿ ಮಾಡಿದ್ದು. ನನಗೆ ಮೊದಲ ವರ್ಷ ಗೋಂದು ತಿಂದ ಹಾಗೆ ಇತ್ತು, ಈಗ ಹುಳಿ ಬಂದದ್ದೇ ಬೇಕು. ಕೆಸುವಿನ ಎಲೆಯೂ ಸಿಗುತ್ತದೆ, ಅದರಲ್ಲಿ ಮಾಂಸ ಸುತ್ತಿ ಬೇಯಿಸುತ್ತಾರೆ. ನಮ್ಮಮ್ಮ ಬಂದಾಗ ಅದೇ ಎಲೆಯಲ್ಲಿ ಪತ್ರೊಡೆ ಮಾಡಿಕೊಟ್ಟರು, ಕ್ಲಬ್ಬಿನ ಮುದುಕರು ಸುತ್ತ ಕೂತು, ನೀವು ಇದನ್ನು ಹೀಗೂ ತಿನ್ನುತ್ತೀರಾ ಎಂದು ಅಮ್ಮನ ಕೈ ಹಿಡಿದುಕೊಂಡು ಕೇಳಿದ್ದು ನನಗೆ ಮರೆಯುವುದಿಲ್ಲ. ಅಮ್ಮನಿಗೆ ಇಂಗ್ಲಿಷ್ ಬಾರದು, ತುಳುವಿನಲ್ಲೇ ರೆಸಿಪಿ ಹೇಳಿದರು. ಅವರು ತಲೆ ಆಡಿಸಿದರು.

ಮತ್ತೆ ‘ಉಲು’ ಅಂತ ಒಂದು ಕಾಯಿ ಸಿಗುತ್ತದೆ, ಅದೇ ನಮ್ಮ ಜೀಗುಜ್ಜೆ. ಪೋಡಿ, ಅಂದರೆ ಬಜ್ಜಿ, ಮಾಡಿ ತೆಗೆದುಕೊಂಡು ಹೋಗಿ, ಡಬ್ಬಿ ಖಾಲಿ ವಾಪಸ್ ಬರದಿದ್ದರೆ ನನ್ನನ್ನು ಕೇಳಿ. ಸೆಪ್ಟೆಂಬರ್ ಶುರುವಿಗೆ ಇಲ್ಲಿ ಲಿಲಿಉಒಕಲಾನಿ ರಾಣಿಯ ಹೆಸರಿನ ದೊಡ್ಡ ರೇಸ್ ಆಗುತ್ತದೆ, ಕೈಲುವಾ ಕೋನಾದಿಂದ ಹೊನೌನೌವರೆಗೆ 18 ಮೈಲಿ, ಹತ್ತಿರ ಹತ್ತಿರ 29 ಕಿಲೋಮೀಟರ್. ಕಳೆದ ಸಲ ನಾನು ಹಿಂದಿನ ರಾತ್ರಿಯೆಲ್ಲ ಕೂತು ಪೋಡಿ ಕರಿದೆ. ನಮ್ಮ ತಂಡ ಎಷ್ಟನೆಯದು ಬಂತು ಅಂತ ನೆನಪಿಲ್ಲ, ಪೋಡಿ ಮಾತ್ರ ಎಲ್ಲರಿಗೂ ನೆನಪಿದೆ.

ಹೆಸರು ಬೇಡ, ಎರಡು ಸೀಸನ್ ಹೋಗಿ ಬಿಟ್ಟವನು:

ಎಲ್ಲರೂ ಹೊಗಳುತ್ತಿದ್ದೀರಿ, ಇನ್ನೊಂದು ಮುಖವೂ ಗೊತ್ತಿರಲಿ. ವಾರಕ್ಕೆ ಮೂರು ಸಂಜೆ ಅಭ್ಯಾಸ, ಜೂನ್ ಜುಲೈ ಬಂತೆಂದರೆ ವಾರಾಂತ್ಯ ಪೂರ್ತಿ ರೆಗಾಟಾ, ಅಂದರೆ ದೋಣಿ ಪಂದ್ಯಗಳು. ಬೆಳಿಗ್ಗೆ ಕತ್ತಲಲ್ಲಿ ಹೋಗಬೇಕು, ನಮ್ಮ ರೇಸ್ ಮುಗಿಯುವುದು ಕೆಲವೇ ನಿಮಿಷದಲ್ಲಿ, ಉಳಿದ ಹೊತ್ತೆಲ್ಲ ಟೆಂಟಿನಲ್ಲಿ. ಮನೆಯಲ್ಲಿ ಚಿಕ್ಕ ಮಗು ಇದ್ದ ನನಗೆ ಆಗಲಿಲ್ಲ. ನಾನಿದ್ದ ತಂಡದಲ್ಲಿ ಚುಕ್ಕಾಣಿ ಹಿಡಿಯುವವರು ಸಿಕ್ಕಾಪಟ್ಟೆ ಕೂಗಾಡುತ್ತಿದ್ದರು, ಅದು ಪ್ರೀತಿಯೇ ಅಂತ ಉಳಿದವರು ಸಮಾಧಾನ ಹೇಳುತ್ತಿದ್ದರು, ನನಗೆ ಕೂಗಾಟದ ಹಾಗೇ ಕೇಳಿಸುತ್ತಿತ್ತು. ಎಲ್ಲ ಕ್ಲಬ್ಬೂ ಒಂದೇ ಥರ ಅಲ್ಲ, ಒಂದು ಹೊಂದದಿದ್ದರೆ ಇನ್ನೊಂದು ನೋಡಿ. ಆದರೆ ಬಿಟ್ಟ ಮೇಲೂ ನನ್ನ ಹೆಂಡತಿಗೆ ಆಪರೇಷನ್ ಆದಾಗ ಅದೇ ತಂಡದವರು ಎರಡು ವಾರ ಸರದಿಯಲ್ಲಿ ಊಟ ತಂದಿಟ್ಟು ಹೋದರು, ಕೂಗಾಡುತ್ತಿದ್ದವರೂ ಸೇರಿ. ಇದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಮತ್ತೆ ಹಿಲೋದಿಂದ:

ಮೇಲಿನವರು ಹೇಳಿದ್ದು ಸರಿ. ನಾನು ಬಿಟ್ಟ ಒಂದು ಮಾತು ಸೇರಿಸುತ್ತೇನೆ. ತಂಗೀ, ಇದನ್ನು ಜಿಮ್ ಥರ ನೋಡಬೇಡ. ಇಲ್ಲಿನ ಹವಾಯಿ ಜನರ ರಾಜ್ಯವನ್ನು 1893ರಲ್ಲಿ ಕಿತ್ತುಕೊಂಡರು, 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಎಂದು ಕಾನೂನು ಮಾಡಿದರು. ಅಜ್ಜಿಯ ಭಾಷೆ ಮೊಮ್ಮಕ್ಕಳಿಗೆ ಬಾರದ ಮನೆಗಳು ಇಲ್ಲಿ ಬೇಕಾದಷ್ಟಿವೆ. 1976ರಲ್ಲಿ ಹೋಕುಲೆಆ ಎಂಬ ಜೋಡಿ ದೋಣಿ ಯಂತ್ರ, ದಿಕ್ಸೂಚಿ ಇಲ್ಲದೆ ಟಹೀಟಿಗೆ ಹೋಗಿ ಮುಟ್ಟಿತು, ದಾರಿ ತೋರಿಸಿದವರು ಸತಾವಲ್ ಎಂಬ ಪುಟ್ಟ ದ್ವೀಪದ ಮಾವ್ ಪಿಯಾಯ್ಲುಗ್. ನಮ್ಮ ಕ್ಲಬ್ಬಿನ ಅಂಕಲ್ ಒಬ್ಬರು ಆ ವರ್ಷದ ಮಾತು ಬಂದರೆ ಈಗಲೂ ಕಣ್ಣು ಒರೆಸಿಕೊಳ್ಳುತ್ತಾರೆ. ಅಭ್ಯಾಸಕ್ಕೆ ಮೊದಲು ಎಲ್ಲರೂ ಕೈ ಹಿಡಿದು ಸುತ್ತ ನಿಂತು ಪ್ರಾರ್ಥನೆ ಮಾಡುತ್ತಾರಲ್ಲ, ಅರ್ಥವಾಗದಿದ್ದರೂ ಫೋನ್ ಕೆಳಗಿಟ್ಟು ನಿಲ್ಲು. ಹವಾಯಿ ಮಾತು ಒಂದೊಂದೇ ಕಲಿ.

ನಿಮ್ಮ ಕ್ಲಬ್ಬಿನಲ್ಲಿ ಕೋವಾ ಮರದ ದೋಣಿ ಇದ್ದರೆ ಹೇಳದೆ ಮುಟ್ಟಬೇಡ. ಅದು ಮನೆದೇವರಿದ್ದ ಹಾಗೆ. ಕೋವಾ ನಮ್ಮ ರಸ್ತೆ ಬದಿಯ ಅಕೇಶಿಯಾದ ಬಳಗವೇ, ಕುಡುಗೋಲಿನಂಥ ಅದೇ ಎಲೆ. ಹೇಳಿದರೆ ಯಾರೂ ನಂಬುವುದಿಲ್ಲ, ಅಲ್ವಾ.

ಕೈಲುವಾದಿಂದ, ಊರು ಶಿರಸಿ:

ನಾನು ಇಂಥ ಕಡೆ ಬರೆಯುವುದು ಕಡಿಮೆ. ಋಣ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

2021ರ ಮೇ ತಿಂಗಳಲ್ಲಿ ಅಪ್ಪ ಊರಿನಲ್ಲಿ ಹೋದರು. ಹೊರಡಲು ಆಗಲಿಲ್ಲ, ಎಲ್ಲವನ್ನೂ ತಮ್ಮ ಫೋನಿನಲ್ಲಿ ತೋರಿಸಿದ. ನಾನು ಯಾರಿಗೂ ಹೇಳಿರಲಿಲ್ಲ, ಎರಡು ಅಭ್ಯಾಸಕ್ಕೆ ಹೋಗದಿದ್ದಾಗ ನಮ್ಮ ದೋಣಿಯ ಮೂರನೇ ಸೀಟಿನವರು ಮನೆಗೇ ಬಂದರು. ವಿಷಯ ತಿಳಿದು ಶನಿವಾರ ಬೆಳಿಗ್ಗೆ ಬಾ ಎಂದರು, ಅಷ್ಟೇ. ಹೋದರೆ ಮೂರು ದೋಣಿ ನೀರಿಗಿಳಿಸಿ ಕಾಯುತ್ತಿದ್ದರು. ಕೊಲ್ಲಿಯಾಚೆ ಹೋಗಿ ದೋಣಿಗಳನ್ನು ಸುತ್ತ ನಿಲ್ಲಿಸಿ ಹೂವಿನ ಹಾರ ನನ್ನ ಕೈಗೆ ಕೊಟ್ಟರು. ಹಾರದ ದಾರ ತೆಗೆದು ಹೂವು ಮಾತ್ರ ಬಿಡಬೇಕು, ಇಲ್ಲದಿದ್ದರೆ ಆಮೆಗಳಿಗೆ ಸುತ್ತಿಕೊಳ್ಳುತ್ತದೆ ಎಂದರು. ನನಗೆ ಕೈ ನಡುಗಿ ದಾರ ಬಿಚ್ಚಲು ಬರಲಿಲ್ಲ. ಹಿಂದಿನ ಸೀಟಿನ ಹುಡುಗ ಬಾಗಿ ಬಿಚ್ಚಿಕೊಟ್ಟ. ಅಪ್ಪನ ಹೆಸರು ಹೇಳು ಎಂದರು, ಹೇಳಿದೆ, ಅವರೆಲ್ಲ ತಮಗೆ ಬಂದ ಹಾಗೆ ಆ ಹೆಸರನ್ನು ಕೂಗಿ ಹುಟ್ಟಿನಿಂದ ನೀರು ಚಿಮ್ಮಿಸಿದರು. ಸಮುದ್ರವನ್ನೇ ಒಮ್ಮೆಯೂ ನೋಡದ ಮನುಷ್ಯ ನಮ್ಮಪ್ಪ.

ಆಮೇಲೆ ನಾನೂ ನಿಮ್ಮ ಹಾಗೇ ಏನು ಕೊಡಲಿ ಎಂದು ಕೇಳಿದ್ದೆ. ಗುರುವಾರ ಇಯಾಕೊ ಕಟ್ಟಲು ಜನ ಕಡಿಮೆ ಇದ್ದಾರೆ, ಬರುತ್ತೀಯಾ ಎಂದರು. ಈಗ ಹೊಸಬರಿಗೆ ಹಗ್ಗ ಬಿಗಿಯುವುದನ್ನು ಕಲಿಸುವವನು ನಾನೇ. ಹಗ್ಗ ಸಡಿಲವಾದರೆ ನಡುನೀರಿನಲ್ಲಿ ಆರು ಜನರ ಗತಿ ಏನು ಎಂದು ಯೋಚಿಸುತ್ತಲೇ ಪ್ರತಿ ಸುತ್ತು ಎಳೆಯುತ್ತೇನೆ.

ಕೇಳಿದವರು:

ಎಲ್ಲರದೂ ಓದಿದೆ, ಕೊನೆಯದನ್ನು ಎರಡು ಸಲ. ನಿನ್ನೆ ಬೇಗ ಹೋಗಿ ಎತ್ತಲು ನಿಂತೆ, ಆಂಟಿ ಏನೂ ಹೇಳಲಿಲ್ಲ, ಭುಜದ ಮೇಲೆ ಕೈ ಇಟ್ಟು ನನ್ನನ್ನು ನಡುವಿನಿಂದ ಮುಂದಕ್ಕೆ ತಳ್ಳಿದರು, ಅಲ್ಲಿ ಭಾರ ಕಡಿಮೆಯಂತೆ. ಈಜು ಬರುವುದಿಲ್ಲ ಅಂತಲೂ ಹೇಳಿಬಿಟ್ಟೆ. ಕೋಚ್ ಮಂಗಳವಾರ ಅರ್ಧ ಗಂಟೆ ಮೊದಲು ಬಾ ಅಂದಿದ್ದಾರೆ. ಶನಿವಾರ ಕ್ಲಬ್ಬಿನ ಊಟ ಇದೆ, ನಲವತ್ತು ಜನ. ಪುತ್ತೂರಿನ ಅಣ್ಣ, ಜೀಗುಜ್ಜೆ ಇಲ್ಲಿ ಎಲ್ಲಿ ಸಿಗುತ್ತದೆ, ಎಷ್ಟು ಬೇಕಾಗುತ್ತದೆ?

ಕೋನಾದಿಂದ:

ರೈತರ ಸಂತೆಯಲ್ಲಿ ಸಿಗುತ್ತದೆ, ಆದರೆ ಕೊಳ್ಳಬೇಡಿ. ಆ ಆಂಟಿಯನ್ನು ಕೇಳಿ, ಅವರ ಮನೆ ಹಿಂದೆ ಮರ ಇರುತ್ತದೆ, ಇಲ್ಲದಿದ್ದರೆ ಅವರ ಅಕ್ಕನ ಮನೆ ಹಿಂದೆ. ನಲವತ್ತು ಜನಕ್ಕೆ ಎಂಟು ಕಾಯಿ ಹಾಕಿ. ಬಲಿತದ್ದು ಇರಲಿ, ಹಣ್ಣಾದರೆ ಎಣ್ಣೆ ಕುಡಿಯುತ್ತದೆ.