ಸಹಾಯ ಬೇಕು: ಶೆಫೀಲ್ಡ್‌ನಲ್ಲಿ ಏರು ಇಲ್ಲದ ಕಡೆ ಬಾಡಿಗೆ ಮನೆ

ಎಲ್ಲರಿಗೂ ನಮಸ್ಕಾರ. ನಾವು ಶೆಫೀಲ್ಡ್‌ಗೆ ಬಂದು ಒಂದು ವರ್ಷ ಆಯ್ತು. ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಮೂರು ತಿಂಗಳು ಇರುತ್ತಾರೆ.

ಈ ಊರು ಏಳು ಗುಡ್ಡಗಳ ಮೇಲಿದೆ ಅಂತಾರೆ. ನಮ್ಮ ಮನೆ ವಾಕ್ಲಿಯ ಕಡಿದಾದ ಏರಿನಲ್ಲಿದೆ. ತರಕಾರಿ ಚೀಲ ಹಿಡಿದು ಹತ್ತುವಾಗ ನಾನೇ ಎರಡು ಸಲ ನಿಂತು ಉಸಿರು ತಗೊಳ್ಳುತ್ತೇನೆ. ಮನೆಯೊಳಗಿನ ಮೆಟ್ಟಿಲು ಎಷ್ಟು ಕಿರಿದು ಅಂದರೆ ಪಾದ ಅಡ್ಡ ಇಟ್ಟು ಇಳಿಯಬೇಕು. ಬಚ್ಚಲು ಇರೋದು ಮಹಡಿ ಮೇಲೆ. ಅಮ್ಮನಿಗೆ ಎರಡೂ ಮಂಡಿ ನೋವು. ನೆನೆಸಿಕೊಂಡರೆ ನಿದ್ದೆ ಬರಲ್ಲ.

ಅದಕ್ಕೇ ಕೆಳಗೆ ಹಿಲ್ಸ್‌ಬರೋದಲ್ಲಿ, ಟ್ರಾಮ್ ಹತ್ತಿರ ಮನೆ ನೋಡುತ್ತಿದ್ದೇವೆ. ಟ್ರಾಮ್ ಹತ್ತೋಕೆ ಮೆಟ್ಟಿಲಿಲ್ಲ, ಸೀದಾ ಪೇಟೆಗೆ ಹೋಗುತ್ತೆ. ಆ ಕಡೆ ಇರುವವರು ಯಾರಾದರೂ ಇದ್ದೀರಾ? ನೆಲಮಹಡಿಯಲ್ಲೇ ಮಲಗುವ ಕೋಣೆ, ಬಚ್ಚಲು ಎರಡೂ ಇರುವ ಮನೆ ಬಾಡಿಗೆಗೆ ಸಿಗುತ್ತಾ? ಯಾವ ಬೀದಿಗಳು ಸಪಾಟಾಗಿವೆ ಅಂತ ಹೇಳಿದರೂ ಸಾಕು.

ಇನ್ನೊಂದು ವಿಷಯ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅಮ್ಮ ಸುಮ್ನೆ ಕಿಟಕಿ ಮುಂದೆ ಕೂರೋದು ನನಗಿಷ್ಟವಿಲ್ಲ. 1836ರಲ್ಲಿ ಶುರುವಾದ ಬೊಟಾನಿಕಲ್ ಗಾರ್ಡನ್ಸ್‌ಗೆ ಟಿಕೆಟ್ ಇಲ್ಲ, ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತಲ್ವಾ, ಸಂಜೆ ಹೊತ್ತು ನಮ್ಮದೇ. ಆದರೆ ಹಗಲು ಹೊತ್ತು ಅಮ್ಮನ ಜೊತೆ ಕೂತು ಕನ್ನಡದಲ್ಲಿ ಮಾತಾಡುವ ಹಿರಿಯರು ಹತ್ತಿರದಲ್ಲಿದ್ದರೆ ದಯವಿಟ್ಟು ತಿಳಿಸಿ. ಅಮ್ಮ ಬರುವಾಗ ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಜಾಸ್ತಿನೇ ತರುತ್ತಾರೆ. ಹಂಚಿಕೊಂಡು ತಿನ್ನೋಣ.