ಈ ವಾರದ ಸಮಸ್ಯೆ: ಒಂದರಿಂದೊಂದನ್ನು ಗುಣಿಸಲಾರು

ಕಲಬುರಗಿಯಿಂದ:
ಗೆಳೆಯರೇ, ಮೊನ್ನೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೆ ಹೋಗಿದ್ದೆ. ಕಾಗಿಣಾ ದಂಡೆಯ ಕೋಟೆ ನೋಡುವಾಗಿಂದ ಒಂದೇ ಸಂಖ್ಯೆ ತಲೆಯಲ್ಲಿ ಕೂತಿದೆ: 12345654321. ಸುಮಾರು 850ರಲ್ಲಿ, ಅಲ್ಲಿನ ದೊರೆ ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಕೊಟ್ಟಿದ್ದಾರೆ. 27994681ನ್ನು 441ರಿಂದ ಗುಣಿಸಿ ನೋಡಿ. ಒಂದರಿಂದ ಆರಕ್ಕೆ ಏರುತ್ತದೆ, ಹಾಗೇ ಇಳಿಯುತ್ತದೆ. ಹಿಂದಿನಿಂದ ಓದಿದರೂ ಅದೇ. ಇಂಥವನ್ನು ಅವರು ಕೊರಳಹಾರಕ್ಕೆ ಹೋಲಿಸುತ್ತಾರೆ. ಎಷ್ಟು ಚಂದ ಅಲ್ವಾ!

ಪದ್ಯದ ಕೊನೆಯ ಸಾಲು ನನ್ನದು, ತಲೆಬರಹದಲ್ಲಿದೆ; ಅದರ ಮೇಲಿನ ಮೂರು ನಿಮ್ಮವು. ಐದೈದು ಮಾತ್ರೆಯ ಗಣ. ವೃಷಭಪ್ರಾಸ ಬಿಡಬೇಡಿ, ಅಂದರೆ ಪ್ರತಿ ಸಾಲಿನ ಮೊದಲ ಅಕ್ಷರಕ್ಕೆ ಸೊನ್ನೆ ಇರಲಿ, ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಲಿ. ಒಂದನ್ನು ಒಂದರಿಂದ ಗುಣಿಸಿದರೆ ಆರು ಹೇಗೆ ಬಂತು?

ಶಹಾಪುರದಿಂದ:
ಹಿಂದೆ ನೃಪತುಂಗನನು ಹೊಗಳಿದಾ ಗಣಿತಜ್ಞ
ಚಂದದಲಿ ಹೆಣೆದಿಟ್ಟ ಅಂಕಿಮಾಲೆ
ಬಂದು ನೋಡಾರುಸಲ ಒಂದನ್ನು ಸಾಲಿಟ್ಟು
ಒಂದರಿಂದೊಂದನ್ನು ಗುಣಿಸಲಾರು

ಅಣ್ಣ, 441 ಅಂದರೆ 21ರ ವರ್ಗ. 27994681 ಅಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಿಮ್ಮ ಹಾರ 111111ರ ವರ್ಗ! ಮಗಳ ಪಾಟಿ ಮೇಲೆ ಬರೆದೇ ನೋಡಿದೆ. ಒಂದುಗಳ ಆರು ಅಡ್ಡಸಾಲು, ಪ್ರತಿ ಸಾಲೂ ಒಂದು ಮನೆ ಎಡಕ್ಕೆ. ನಡುವಿನ ಕಂಬಸಾಲಿನಲ್ಲಿ ಮಾತ್ರ ಆರು ಒಂದುಗಳು ಕೂಡುತ್ತವೆ. ಅಕ್ಕಪಕ್ಕ ಐದು, ಆಮೇಲೆ ನಾಲ್ಕು.

ಕಲಬುರಗಿಯಿಂದ:
ತಂಗಿ, ಭಲೇ! ಒಂಬತ್ತು ಒಂದುಗಳವರೆಗೂ ಇದು ಹೀಗೇ ನಡೆಯುತ್ತದೆ. ಹತ್ತನೆಯದಕ್ಕೆ ದಶಕ ಬಂದು ಮಾಲೆ ಹರಿಯುತ್ತದೆ.

ಸೇಡಂನಿಂದ:
ಮೂರನೇ ಸಾಲು ಮಾತ್ರ ಹೊಳೆದಿದೆ:
ಬಂದ ಲಬ್ಧದ ಅಂಕಿ ಕೂಡಿದರೆ ಮೂವತ್ತಾರು

ಕಲಬುರಗಿಯಿಂದ:
ಲೆಕ್ಕ ಸರಿ ಮಾಸ್ತರರೇ, ಹನ್ನೊಂದು ಅಂಕಿ ಕೂಡಿದರೆ 36. ಆದರೆ ‘ಮೂವತ್ತಾರು’ ಏಳು ಮಾತ್ರೆ. ಎರಡು ಜಾಸ್ತಿ ಆಯಿತು. ‘ಕೂಡಿದರೆ ಆರಾರು’ ಅಂತ ಮಾಡಿ. ಆರಾರ್ಲೆ ಮೂವತ್ತಾರು! ಮಾತ್ರೆಯೂ ಕೂತಿತು, ನಡುವಿನ ಆರರ ವರ್ಗವೂ ಸಿಕ್ಕಿತು.

ಬೀದರಿನಿಂದ:
ನಾನು ಬೇರೆ ದಾರಿ ಹಿಡಿದೆ ಸರ್.

ಸಂದೇಹ ಬೇಡವೈ, ಗುಣಿಸಿದರು ಫಲವೊಂದೆ
ಬಂದುದೇ ಬರುತಿರಲು ಮತ್ತೆ ಮತ್ತೆ
ಕಂದನೇ ಕೇಳುವನು ಪಾಟಿಯನು ಬದಿಗಿಟ್ಟು
ಒಂದರಿಂದೊಂದನ್ನು ಗುಣಿಸಲಾರು?

ಕಲಬುರಗಿಯಿಂದ:
ಆಹಾ! ‘ಆರು’ ಅಂದರೆ ‘ಯಾರು’! ಸಾಲು ಕೊಟ್ಟ ನನಗೇ ಇದು ಕಂಡಿರಲಿಲ್ಲ. ಒಂದಕ್ಷರ ಮುಟ್ಟದೆ ಅರ್ಥ ತಿರುಗಿಸುವುದೇ ಸಮಸ್ಯಾಪೂರಣದ ಸೊಗಸು. ಶಹಾಪುರದ ಪದ್ಯಕ್ಕೆ ಲೆಕ್ಕದ ಬಲವಿದೆ, ಅದು ನನಗೆ ತುಂಬಾ ಇಷ್ಟ. ಆದರೂ ಈ ವಾರದ ಮೊದಲ ಸ್ಥಾನ ಬೀದರಿಗೇ.

ಮುಂದಿನ ವಾರಕ್ಕೆ 12345679. ಇದರಲ್ಲಿ ಎಂಟೇ ಇಲ್ಲ. ಒಂಬತ್ತರಿಂದ ಗುಣಿಸಿದರೆ 111111111. ಸಾಲು ಹೀಗಿದೆ:

ಎಂಟಿಲ್ಲದೂರಿನಲಿ ಎಲ್ಲರೊಂದೇ