ಫೋನ್ ಕಳೆದರೆ, ಸಿಡಿಲು ಹೊಡೆದರೆ, ಡಿಸ್ಕ್ ಕೆಟ್ಟರೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಮತ್ತು ಡೇಟಾ ರಿಕವರಿ ನನ್ನ ಕಸುಬು. ಮಳೆಗಾಲ ಹಿಡಿಯುವ ಮೊದಲು ಫೋನ್, ಲ್ಯಾಪ್‌ಟಾಪ್, ಅದರೊಳಗಿನ ಫೈಲುಗಳ ಬಗ್ಗೆ ಇರುವ ಅನುಮಾನ ಕೇಳಿ ಅಂತ ಅಡ್ಮಿನ್ ಗುಂಪಿನಲ್ಲಿ ಹಾಕಿದ್ದರು. ಬಂದ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಗೆ ಬರುವವರಲ್ಲಿ ಹೋದ ಫೋನಿಗಾಗಿ ಅಳುವವರು ಕಡಿಮೆ. ಅದರೊಳಗಿದ್ದ ಫೋಟೋ, ಲೆಕ್ಕ, ಬರಹಕ್ಕಾಗಿ ಅಳುವವರೇ ಜಾಸ್ತಿ.

ಪ್ರಶ್ನೆ (ಸಾಗರ, ಕಾಲೇಜು ವಿದ್ಯಾರ್ಥಿನಿ): ಅಣ್ಣಾ, ನಿನ್ನೆ ಸಂಜೆ ಶಿವಮೊಗ್ಗದಿಂದ ಬರುವಾಗ ಬಸ್ಸಲ್ಲಿ ಫೋನ್ ಹೋಯ್ತು. ಆನಂದಪುರದವರೆಗೆ ಕೈಯಲ್ಲೇ ಇತ್ತು. ಈಗ ಕಾಲ್ ಮಾಡಿದರೆ ಸ್ವಿಚ್ ಆಫ್. ಆಂಡ್ರಾಯ್ಡ್ ಫೋನು. ಯುಪಿಐ ಆ್ಯಪ್ ಎಲ್ಲ ಅದರಲ್ಲೇ ಇದೆ. ಮೊದಲು ಏನು ಮಾಡಲಿ?

ಉತ್ತರ: ತಂಗಿ, ಮೊದಲು ಸಿಮ್ ಬ್ಲಾಕ್ ಮಾಡಿಸು. ಮನೆಯವರ ಫೋನಿನಿಂದ ನಿನ್ನ ಸಿಮ್ ಕಂಪನಿಯ ಕಸ್ಟಮರ್ ಕೇರ್‌ಗೆ ಈಗಲೇ ಕಾಲ್ ಮಾಡು. ಫೋನಿಗಿಂತ ಸಿಮ್ಮಿನದೇ ಅಪಾಯ ಜಾಸ್ತಿ. ನಿನ್ನ ಫೋನಿಗೆ ಲಾಕ್ ಇರಬಹುದು. ಆದರೆ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಓಟಿಪಿ ನೇರ ಕದ್ದವರ ಕೈಗೆ ಹೋಗುತ್ತದೆ. ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸು. ದುಡ್ಡು ಆಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡ ಮಾಡಿದಷ್ಟೂ ದುಡ್ಡು ವಾಪಸ್ ಸಿಗುವುದು ಕಷ್ಟ.

ಇನ್ನೊಂದು ಫೋನಿನಲ್ಲಿ ನಿನ್ನ ಗೂಗಲ್ ಖಾತೆಯಿಂದ ಫೈಂಡ್ ಹಬ್ ತೆರೆದು ನೋಡು. ಮೊದಲು ಇದಕ್ಕೆ ಫೈಂಡ್ ಮೈ ಡಿವೈಸ್ ಅನ್ನುತ್ತಿದ್ದರು. ಫೋನ್ ಆಫ್ ಆಗಿದ್ದರೂ ಕೊನೆಗೆ ಎಲ್ಲಿತ್ತು ಅಂತ ತೋರಿಸಬಹುದು. ಅಲ್ಲಿಂದಲೇ ಲಾಕ್ ಮಾಡು. ಪೂರ್ತಿ ಅಳಿಸುವ ಬಟನ್ ಇದೆ, ಆದರೆ ಅದನ್ನು ಕೊನೆಗೆ ಒತ್ತು. ಅಳಿಸಿದ ಮೇಲೆ ಫೋನ್ ಎಲ್ಲಿದೆ ಅಂತ ಹುಡುಕಲು ಆಗುವುದಿಲ್ಲ.

ನಂತರ ಪೊಲೀಸ್ ದೂರು. ಸ್ಟೇಷನ್ನಿಗೆ ಹೋಗಿ ಕೊಡಬಹುದು, ಕರ್ನಾಟಕ ಪೊಲೀಸ್ ಆ್ಯಪಿನ ಇ-ಲಾಸ್ಟ್‌ನಲ್ಲೂ ಕೊಡಬಹುದು. ಆ ದೂರಿನ ಪ್ರತಿ, ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆಯೇ ಇರುವ ಗುರುತಿನ ನಂಬರ್), ಗುರುತಿನ ಚೀಟಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನ್ ಬ್ಲಾಕ್ ಮಾಡು. ಕೇಂದ್ರದ್ದೇ ಆದ ಸಂಚಾರ್ ಸಾಥಿ ಆ್ಯಪಿನಲ್ಲೂ ಇದೇ ಸೌಲಭ್ಯ ಇದೆ. ಬ್ಲಾಕ್ ಆದ ಫೋನಿಗೆ ದೇಶದ ಯಾವ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗುವುದಿಲ್ಲ. ಯಾರಾದರೂ ಸಿಮ್ ಹಾಕಿ ನೋಡಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಫೋನ್ ಸಿಕ್ಕರೆ ನೀನೇ ಅದೇ ಪೋರ್ಟಲ್‌ನಲ್ಲಿ ಅನ್‌ಬ್ಲಾಕ್ ಮಾಡಬಹುದು.

ಇದರಲ್ಲಿ ಸುಮಾರು ಜನ ಎಡವುವ ಜಾಗ ಒಂದಿದೆ. ಪೋರ್ಟಲ್‌ಗೆ ಓಟಿಪಿ ಬೇಕು, ಅದಕ್ಕೆ ಅದೇ ನಂಬರಿನ ಹೊಸ ಸಿಮ್ ಬೇಕು. ಹೊಸದಾಗಿ ಕೊಟ್ಟ ಸಿಮ್ಮಿಗೆ ಮೊದಲ 24 ಗಂಟೆ ಎಸ್ಎಂಎಸ್ ಬರುವುದಿಲ್ಲ. ನಿನ್ನ ಸುರಕ್ಷತೆಗೆಂದೇ ಮಾಡಿದ ನಿಯಮ ಅದು. ಓಟಿಪಿ ಬರಲಿಲ್ಲ ಅಂತ ಗಾಬರಿಯಾಗಬೇಡ, ಮಾರನೇ ದಿನ ಮಾಡು.

ಅವರದೇ ಮರುಪ್ರಶ್ನೆ: ಐಎಂಇಐ ಗೊತ್ತಿಲ್ಲ ಅಣ್ಣಾ. ಡಬ್ಬ ಎಸೆದುಬಿಟ್ಟಿದ್ದೇವೆ.

ಉತ್ತರ: ಬಿಲ್ಲಿನಲ್ಲಿ ಇರುತ್ತದೆ. ಬಿಲ್ಲೂ ಇಲ್ಲದಿದ್ದರೆ ಆ ಫೈಂಡ್ ಹಬ್‌ನಲ್ಲೇ ನಿನ್ನ ಫೋನಿನ ಹೆಸರಿನ ಪಕ್ಕದ ಗುರುತು ಒತ್ತಿದರೆ 15 ಅಂಕಿಯ ನಂಬರ್ ಕಾಣುತ್ತದೆ. ಓದುತ್ತಿರುವ ಉಳಿದವರು ಈಗಲೇ ಡಯಲ್ ಪ್ಯಾಡಿನಲ್ಲಿ *#06# ಒತ್ತಿ, ಬಂದ ನಂಬರನ್ನು ಮನೆಯ ಡೈರಿಯಲ್ಲಿ ಬರೆದಿಡಿ. ಫೋನಿನಲ್ಲೇ ಸ್ಕ್ರೀನ್‌ಶಾಟ್ ಇಟ್ಟರೆ ಫೋನಿನ ಜೊತೆ ಅದೂ ಹೋಗುತ್ತದೆ.

ಹಾಗೇ ಸಿಮ್ ಲಾಕ್ ಹಾಕಿಕೊಳ್ಳಿ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ಇದೆ. ಅದಿದ್ದರೆ ಸಿಮ್ ಬೇರೆ ಫೋನಿಗೆ ಹಾಕಿದಾಗ ಪಿನ್ ಕೇಳುತ್ತದೆ. ಮೊದಲಿಗೆ ಕಂಪನಿಯದೇ ಒಂದು ಪಿನ್ ಇರುತ್ತದೆ, ಅದನ್ನು ಕೇಳಿಕೊಂಡೇ ಶುರು ಮಾಡಿ. ಸುಮ್ನೆ ಊಹೆ ಮಾಡಿ 3 ಸಲ ತಪ್ಪಾದರೆ ಸಿಮ್ ಲಾಕ್ ಆಗಿ ಪಿಯುಕೆ (ಸಿಮ್ ಮತ್ತೆ ತೆರೆಯುವ ಬೇರೆ ಕೋಡ್) ಕೇಳುತ್ತದೆ.

ಪ್ರಶ್ನೆ (ಶಂಕರಘಟ್ಟ, ಸಂಶೋಧನಾ ವಿದ್ಯಾರ್ಥಿ): ಸರ್, ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರಬಂಧ ಲ್ಯಾಪ್‌ಟಾಪ್‌ನಲ್ಲಿದೆ, ಒಂದು ಪ್ರತಿ ಪೆನ್ ಡ್ರೈವ್‌ನಲ್ಲೂ ಇದೆ. ಸಾಕಲ್ವಾ?

ಉತ್ತರ: ಆ ಪೆನ್ ಡ್ರೈವ್ ಎಲ್ಲಿರುತ್ತದೆ ಸರ್? ಲ್ಯಾಪ್‌ಟಾಪ್ ಬ್ಯಾಗಿನ ಮುಂದಿನ ಜಿಪ್ಪಿನಲ್ಲಿ ಅಲ್ವಾ? ಬ್ಯಾಗ್ ಹೋದರೆ ಎರಡೂ ಹೋದವು. ಎರಡು ಪ್ರತಿ ಇದ್ದೂ ಒಂದೇ ಇದ್ದ ಲೆಕ್ಕ. ಪೆನ್ ಡ್ರೈವ್ ಫೈಲ್ ಸಾಗಿಸಲಿಕ್ಕೆ ಸರಿ, ಕಾಪಾಡಲಿಕ್ಕೆ ಅಲ್ಲ. ಅದನ್ನೇ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೂ ಹಾಕುತ್ತೀರಿ, ವೈರಸ್ ಹತ್ತಿಸಿಕೊಂಡು ಬರುತ್ತದೆ.

ನಮ್ಮ ಕಸುಬಿನಲ್ಲಿ 3-2-1 ಅಂತ ಒಂದು ಲೆಕ್ಕ ಇದೆ. ಒಟ್ಟು 3 ಪ್ರತಿ, 2 ಬಗೆಯ ಸಾಧನ, ಅದರಲ್ಲಿ 1 ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ನಿಮಗೆ ಇದು ಸುಲಭ. ಪ್ರಬಂಧ ಎಷ್ಟು ದೊಡ್ಡದಾದರೂ ಗೂಗಲ್ ಖಾತೆ ಪುಕ್ಕಟೆ ಕೊಡುವ 15 ಜಿಬಿಯಲ್ಲಿ ಒಂದು ಮೂಲೆಗೂ ಸಾಲದು. ಲ್ಯಾಪ್‌ಟಾಪ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು, ಊರಿನ ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು. ಪ್ರತಿ ಅಧ್ಯಾಯಕ್ಕೂ ದಿನಾಂಕ ಹಾಕಿ ಬೇರೆ ಬೇರೆ ಹೆಸರಿನಲ್ಲಿ ಉಳಿಸಿ. ಒಂದೇ ಫೈಲಿನ ಮೇಲೆ ಬರೆಯುತ್ತಾ ಹೋದರೆ, ಅದು ಕೆಟ್ಟ ದಿನ ಕೆಟ್ಟ ಫೈಲೇ ಎಲ್ಲ ಕಡೆಗೂ ಹೋಗಿ ಕೂರುತ್ತದೆ.

ಕ್ಷೇತ್ರಕಾರ್ಯದ ಸಂದರ್ಶನಗಳ ಧ್ವನಿಮುದ್ರಣ ಇದ್ದರೆ ಮೊದಲು ಅವನ್ನು ಉಳಿಸಿಕೊಳ್ಳಿ. ಅಧ್ಯಾಯವನ್ನು ಕಷ್ಟಪಟ್ಟಾದರೂ ಮತ್ತೆ ಬರೆಯಬಹುದು. ಅಜ್ಜಿಯೊಬ್ಬರು ಹೇಳಿದ ಕಥೆಯನ್ನು ಮತ್ತೆ ಹೇಳಿಸಲು ಆ ಅಜ್ಜಿ ಇರಬೇಕಲ್ಲ.

ಇನ್ನೆರಡು ಕೆಲಸ ಇವತ್ತೇ ಮಾಡಿ. ಗೂಗಲ್ ಖಾತೆಗೆ ಎರಡು ಹಂತದ ಭದ್ರತೆ ಹಾಕಿದ್ದರೆ ಅದರ ಬ್ಯಾಕಪ್ ಕೋಡ್‌ಗಳನ್ನು ತೆಗೆದು ಕಾಗದದಲ್ಲಿ ಬರೆದು ಮನೆಯಲ್ಲಿಡಿ. ಫೋನ್ ಕಳೆದ ದಿನ ಲಾಗಿನ್ ಕೋಡ್ ಕಳೆದ ಫೋನಿಗೇ ಹೋಗುತ್ತದೆ, ನೀವು ಹೊರಗೆ ನಿಲ್ಲುತ್ತೀರಿ. ಎರಡನೆಯದು ಬಿಟ್‌ಲಾಕರ್. ಈಗಿನ ವಿಂಡೋಸ್ ಲ್ಯಾಪ್‌ಟಾಪ್ ಎಷ್ಟೋ ಸಲ ನಿಮ್ಮನ್ನು ಕೇಳದೆಯೇ ಡಿಸ್ಕಿಗೆ ಬೀಗ ಹಾಕಿರುತ್ತದೆ. ಕದ್ದವನಿಗೆ ಫೈಲ್ ಸಿಗಬಾರದು ಅಂತ, ಒಳ್ಳೆಯದೇ. ಆದರೆ ಮದರ್‌ಬೋರ್ಡ್ ಬದಲಿಸಿದಾಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ನಾವು ಯಾರೂ ಏನೂ ಮಾಡಲಾರೆವು. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ನೋಡಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ (ಹೊಸನಗರ ತಾಲ್ಲೂಕು, ಮದುವೆ ಫೋಟೋಗ್ರಾಫರ್): ನಮ್ಮಲ್ಲಿ ಸಿಡಿಲಿನದೇ ದೊಡ್ಡ ಕಾಟ. ಹೋದ ವರ್ಷ ಪಕ್ಕದ ಮನೆಯ ಟಿವಿ, ರೂಟರ್ ಎರಡೂ ಸುಟ್ಟವು. ಒಳ್ಳೆ ಸ್ಪೈಕ್ ಗಾರ್ಡ್ ಹಾಕಿದರೆ ಸಾಕಾ? ಮಳೆಗಾಲದಲ್ಲಿ ಕ್ಯಾಮೆರಾ ಲೆನ್ಸಿಗೆ ಬೂಸ್ಟು ಬೇರೆ.

ಉತ್ತರ: ಸಾಕಾಗುವುದಿಲ್ಲ ಮಾರಾಯ್ರೇ. ಕರೆಂಟಿನ ಸಣ್ಣಪುಟ್ಟ ಏರಿಳಿತಕ್ಕೆ ಸ್ಪೈಕ್ ಗಾರ್ಡ್ ಸರಿ. ಹತ್ತಿರದಲ್ಲೇ ಸಿಡಿಲು ಹೊಡೆದರೆ ಅದರ ಕೈಯಲ್ಲಿ ತಡೆಯಲಾಗದು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಎಳೆಯಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನೊಳಗಿನ ಅಷ್ಟು ಚಿಕ್ಕ ಅಂತರವನ್ನು ಸಿಡಿಲು ಹಾರಿ ದಾಟುತ್ತದೆ. ಹೊರಗೆ ಹೋಗುವ ದಿನ ಬೆಳಿಗ್ಗೆಯೇ ಎಳೆದು ಹೋಗಿ. ಗುಡುಗು ತಲೆ ಮೇಲೇ ಇದ್ದರೆ ಪ್ಲಗ್ಗಿಗೆ ಕೈ ಹಾಕಬೇಡಿ, ಕಂಪ್ಯೂಟರಿಗಿಂತ ನೀವು ಮುಖ್ಯ.

ಪ್ಲಗ್ ಎಳೆದೂ ಕಂಪ್ಯೂಟರ್ ಸುಟ್ಟುಕೊಂಡು ಬರುವವರಿದ್ದಾರೆ. ಅವರು ಮರೆತದ್ದು ನೆಟ್ ಕೇಬಲ್. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ರೂಟರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ. ಅಲ್ಲಿಂದ ರೂಟರ್, ರೂಟರಿನಿಂದ ತಾಮ್ರದ ಲ್ಯಾನ್ ಕೇಬಲ್, ಕೇಬಲ್ಲಿನಿಂದ ನಿಮ್ಮ ಮದರ್‌ಬೋರ್ಡ್. ಹಳೆಯ ದೂರವಾಣಿ ತಂತಿ ಇರುವ ಮನೆಗಳಲ್ಲಂತೂ ನೇರ ದಾರಿ. ಅದಕ್ಕೇ ಎರಡೂ ಎಳೆಯಿರಿ.

ಇನ್ನು ಅರ್ಥಿಂಗ್. ನಮ್ಮ ಕಡೆ ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಒಣ ನೆಲ ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಸಿಡಿಲಿನ ಆರ್ಭಟ ಜಾಸ್ತಿ ಇರುವುದು ಏಪ್ರಿಲ್, ಮೇ ತಿಂಗಳ ಮೊದಲ ಮಳೆಗಳಲ್ಲಿ, ನೆಲ ಇನ್ನೂ ಒಣಗಿರುವಾಗಲೇ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿರಿ. ಹಳೆ ಮನೆಯಾದರೆ ಮೂರನೇ ಪಿನ್ನಿಗೆ ಅರ್ಥಿಂಗ್ ನಿಜಕ್ಕೂ ಇದೆಯಾ ಅಂತ ಒಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿ. ಎಷ್ಟೋ ಮನೆಗಳಲ್ಲಿ ತೂತು ಮಾತ್ರ ಇರುತ್ತದೆ, ತಂತಿ ಇರುವುದಿಲ್ಲ.

ಬೂಸ್ಟಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ನೀಲಿ ಬಣ್ಣದ್ದು ತಗೊಳ್ಳಿ. ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ, ಮತ್ತೆ ಬಳಸಬಹುದು. ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ, ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದು. ಲೆನ್ಸನ್ನು ಅದರ ಚರ್ಮದ ಚೀಲದಲ್ಲೇ ಇಟ್ಟರೆ ಚೀಲಕ್ಕೇ ಮೊದಲು ಬೂಸ್ಟು ಹಿಡಿಯುತ್ತದೆ. ಹಾರ್ಡ್ ಡಿಸ್ಕನ್ನೂ ಇಂಥದ್ದೇ ಡಬ್ಬದಲ್ಲಿಡಿ.

ನಡುವೆ ಒಂದು ಪ್ರತಿಕ್ರಿಯೆ (ಭದ್ರಾವತಿ): ಇಷ್ಟೆಲ್ಲ ಯಾಕೆ ಸರ್? ಎಲ್ಲಾ ಕ್ಲೌಡಿಗೆ (ಗೂಗಲ್ ಡ್ರೈವ್ ಥರದ ಆನ್‌ಲೈನ್ ಜಾಗಕ್ಕೆ) ಹಾಕಿದ್ರೆ ಮುಗೀತಲ್ಲ.

ಉತ್ತರ: ಭದ್ರಾವತಿಯಲ್ಲಿ ಒಳ್ಳೆಯ ಫೈಬರ್ ಇದ್ದರೆ ಬಹಳಷ್ಟು ಮುಗಿಯುತ್ತದೆ ಸರ್. ಆದರೆ ಈ ಫೋಟೋಗ್ರಾಫರ್ ಲೆಕ್ಕ ನೋಡಿ. ಒಂದು ಮದುವೆಯ ಫೋಟೋ, ವಿಡಿಯೋ ಸೇರಿ 200 ಜಿಬಿ ಅಂತಿಟ್ಟುಕೊಳ್ಳಿ. ಅಪ್‌ಲೋಡ್ ವೇಗ 5 ಎಂಬಿಪಿಎಸ್ ಇದ್ದರೆ ಸುಮಾರು 90 ಗಂಟೆ ಬೇಕು, ಅದೂ ಒಂದು ನಿಮಿಷ ಕರೆಂಟ್ ಹೋಗದಿದ್ದರೆ. ಮಳೆಗಾಲದಲ್ಲಿ ಅದು ಆಗುವ ಮಾತಲ್ಲ. ಅಂಥವರಿಗೆ ಎರಡು ಹಾರ್ಡ್ ಡಿಸ್ಕೇ ದಾರಿ. ಒಂದು ಮನೆಯಲ್ಲಿ, ಒಂದು ಪೇಟೆಯಲ್ಲಿರುವ ಅಕ್ಕನದೋ ಭಾವನದೋ ಮನೆಯಲ್ಲಿ. ಹೋಗಿ ಬರುವಾಗ ಅದಲು ಬದಲು ಮಾಡಿಕೊಳ್ಳುವುದು. ಗ್ರಾಹಕರಿಗೆ ಆಲ್ಬಂ ಕೊಡುವವರೆಗೆ ಕ್ಯಾಮೆರಾ ಕಾರ್ಡನ್ನೂ ಅಳಿಸಬೇಡಿ.

ಇನ್ನೊಂದು ವಿಷಯ. ಗೂಗಲ್ ಫೋಟೋಸ್ ನಮ್ಮ ಫೋನಿನ ಜೊತೆ ಹೊಂದಿಕೊಂಡೇ ಇರುತ್ತದೆ. ಜಾಗ ಸಾಲದು ಅಂತ ಆ ಆ್ಯಪಿನಲ್ಲಿ ಫೋಟೋ ಅಳಿಸಿದರೆ ಕ್ಲೌಡಿನಲ್ಲೂ ಅಳಿಯುತ್ತದೆ. ಬ್ಯಾಕಪ್ ಆಗಿದ್ದ ಫೋಟೋ 60 ದಿನ ಕಸದಬುಟ್ಟಿಯಲ್ಲಿರುತ್ತದೆ, ಆಮೇಲೆ ಇಲ್ಲ. ಜೊತೆಗೆ 2 ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. ಅಜ್ಜನ ಹೆಸರಿನಲ್ಲಿ ಖಾತೆ ಮಾಡಿ ಮನೆಯ ಫೋಟೋ ಎಲ್ಲ ಹಾಕಿಟ್ಟವರು ಆಗಾಗ ಲಾಗಿನ್ ಆಗುತ್ತಿರಿ.

ಪ್ರಶ್ನೆ (ಶಿವಮೊಗ್ಗ, ಅಡಿಕೆ ಮಂಡಿಯ ಲೆಕ್ಕ ಬರೆಯುವವರು): ಟ್ಯಾಲಿ ಡೇಟಾ ದಿನಾ ಸಂಜೆ ಡಿ ಡ್ರೈವ್‌ಗೆ ಬ್ಯಾಕಪ್ ತೆಗೆಯುತ್ತೇನೆ. ಸಾಕಲ್ವಾ?

ಉತ್ತರ: ದಿನಾ ತೆಗೆಯುವ ನಿಮ್ಮ ಶಿಸ್ತು ದೊಡ್ಡದು. ಆದರೆ ಸಿ, ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ರ‍್ಯಾನ್ಸಮ್‌ವೇರ್ ಅನ್ನುವ ವೈರಸ್ ಬಂದರೆ ಕಂಪ್ಯೂಟರಿಗೆ ಹತ್ತಿಕೊಂಡಿರುವ ಪ್ರತಿಯೊಂದು ಡ್ರೈವಿಗೂ ಬೀಗ ಹಾಕಿ ದುಡ್ಡು ಕೇಳುತ್ತದೆ. ಅದಕ್ಕೆ ಎರಡು ಹೊರಗಿನ ಡಿಸ್ಕ್ ಇಟ್ಟುಕೊಳ್ಳಿ. ಬ್ಯಾಕಪ್ ತೆಗೆದ ಕೂಡಲೇ ಕಳಚಿ, ಒಂದನ್ನು ಮನೆಗೆ ಒಯ್ಯಿರಿ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಒಬ್ಬ ಬೆಳೆಗಾರರ ಖಾತೆ ಬಾಕಿ ಸರಿ ತೋರಿಸುತ್ತದಾ ಅಂತ ತಾಳೆ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪ್ರಶ್ನೆ (ಆಗುಂಬೆ ಹತ್ತಿರ): ಮಳೆಯಲ್ಲಿ ಫೋನ್ ಪೂರ್ತಿ ನೆನೆದಿದೆ. ಅಕ್ಕಿಯಲ್ಲಿ ಹುಗಿದಿಡಲಾ?

ಉತ್ತರ: ಬೇಡ. ಅಕ್ಕಿಯ ಹುಡಿ ಚಾರ್ಜಿಂಗ್ ತೂತಿಗೆ ಸೇರುತ್ತದೆ. ಆಫ್ ಮಾಡಿ, ಸಿಮ್ ತಟ್ಟೆ ತೆಗೆದು, ಒರೆಸಿ, ಫ್ಯಾನಿನ ಗಾಳಿಗೆ ಇಡಿ. ಒಲೆಯ ಹತ್ತಿರ ಬೇಡ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಲೇಬೇಡಿ.

ಪ್ರಶ್ನೆ (ತೀರ್ಥಹಳ್ಳಿ, ನಿವೃತ್ತ ಶಿಕ್ಷಕರು): ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮಕ್ಕಳ ಬಾಲ್ಯದ ಫೋಟೋಗಳಿವೆ. ಹಾಕಿದರೆ ಟಕ್ ಟಕ್ ಅಂತ ಸದ್ದು ಬರುತ್ತದೆ, ತೆರೆಯುತ್ತಿಲ್ಲ. ಮಗ ಯಾವುದೋ ರಿಕವರಿ ಸಾಫ್ಟ್‌ವೇರ್ ಹಾಕಿ ನೋಡುತ್ತೇನೆ ಅನ್ನುತ್ತಾನೆ.

ಉತ್ತರ: ಮೇಷ್ಟ್ರೇ, ದಯವಿಟ್ಟು ಈಗಲೇ ಕೇಬಲ್ ಎಳೆದುಬಿಡಿ. ಆ ಸದ್ದು ಬಂದರೆ ಸಾಮಾನ್ಯವಾಗಿ ಒಳಗೆ ಓದುವ ಹೆಡ್ ಕೆಟ್ಟಿದೆ ಅಂತ ಅರ್ಥ. ಮತ್ತೆ ಮತ್ತೆ ಹಾಕಿ ನೋಡಿದಷ್ಟೂ ಅದು ಡೇಟಾ ಇರುವ ತಟ್ಟೆಯನ್ನು ಗೀಚುತ್ತಾ ಹೋಗಬಹುದು. ಗೀಚಿದ ಜಾಗದಲ್ಲಿದ್ದ ಫೋಟೋ ಯಾರ ಕೈಯಲ್ಲೂ ವಾಪಸ್ ಬರುವುದಿಲ್ಲ. ಸಾಫ್ಟ್‌ವೇರ್ ಕೆಲಸ ಮಾಡುವುದು ಡಿಸ್ಕ್ ಗಟ್ಟಿಯಿದ್ದು ಫೈಲ್ ಅಳಿಸಿಹೋದಾಗ. ಇಲ್ಲಿ ಅದರಿಂದ ಕೆಡುಕೇ ಜಾಸ್ತಿ. ಫ್ರಿಜ್ಜಿನಲ್ಲಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಹೊರಗೆ ತೆಗೆದಾಗ ಒಳಗೆ ನೀರು ಕಟ್ಟುತ್ತದೆ.

ಹೆಡ್ ಬದಲಿಸುವ ಕೆಲಸ ಧೂಳಿಲ್ಲದ ವಿಶೇಷ ಕೋಣೆಯಲ್ಲೇ ಆಗಬೇಕು. ನನ್ನ ಅಂಗಡಿಯಲ್ಲಿ ಅದಿಲ್ಲ, ಅದಕ್ಕೇ ನಾನು ಇಂಥ ಡಿಸ್ಕ್ ಬಿಚ್ಚುವುದಿಲ್ಲ. ಯಾರಿಗೆ ಕೊಟ್ಟರೂ ಬಿಚ್ಚುವ ಮೊದಲು ಎರಡು ಮಾತು ಕೇಳಿ: ಆ ಕೋಣೆ ನಿಮ್ಮಲ್ಲಿದೆಯಾ, ಡೇಟಾ ಸಿಗದಿದ್ದರೆ ಎಷ್ಟು ದುಡ್ಡು? ಖರ್ಚು ಸಾವಿರಗಳಲ್ಲಿ ಆಗುತ್ತದೆ, ಮನೆಯಲ್ಲಿ ಮಾತಾಡಿಕೊಂಡು ನಿರ್ಧಾರ ಮಾಡಿ. ಅವಸರವೇನಿಲ್ಲ, ಹಾಕದೆ ಇಟ್ಟ ಡಿಸ್ಕ್ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಅಷ್ಟರಲ್ಲಿ ಆ ಫೋಟೋಗಳನ್ನು ಹಿಂದೆ ಯಾರಿಗಾದರೂ ಕಳಿಸಿದ್ದಿರಾ, ಹಳೆಯ ಸಿಡಿ, ಹಳೆಯ ಫೋನ್, ನೆಂಟರ ವಾಟ್ಸ್ಆ್ಯಪ್‌ನಲ್ಲಿ ಏನಾದರೂ ಉಳಿದಿದೆಯಾ ಹುಡುಕಿ. ಶಿವಮೊಗ್ಗಕ್ಕೆ ಬರುವ ದಿನ ಡಿಸ್ಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ತನ್ನಿ. ತಂತಿ ಸಂಪರ್ಕದ್ದೇ ಸಣ್ಣ ತೊಂದರೆಯಾ ಅಂತ ಬಿಚ್ಚದೆ ಪರೀಕ್ಷೆ ಮಾಡಿ ಹೇಳುತ್ತೇನೆ, ಅದಕ್ಕೆ ದುಡ್ಡು ಬೇಡ.